ಪಟ್ಟಿಯಲ್ಲಿದೆ, ಕ್ಲಾಸಿನಲ್ಲಿದೆಯೇ? ಫಿಲಾಸಫಿ ಬಿ.ಎ.ಗೆ ಕಾಲೇಜು ಹುಡುಕುವ ಬಗೆ

"ಫಿಲಾಸಫಿ ಪಟ್ಯಾಗ ಐತ್ರಿ ಸರ, ಆದ್ರ ಕ್ಲಾಸಿನ್ಯಾಗ ಇಲ್ಲ."

ಅಕ್ಕನ ಮಗಳನ್ನು ಕರೆದುಕೊಂಡು ಕಳೆದ ಜೂನ್‌ನಲ್ಲಿ ಕಾಲೇಜುಗಳನ್ನು ಅಲೆಯುವಾಗ ಒಂದು ಕಚೇರಿಯ ಕಿಟಕಿಯೊಳಗಿಂದ ಬಂದ ಮಾತು ಇದು. ಹೇಳಿದ ಕಾರಕೂನರ ಮೇಲೆ ನನಗೆ ಸಿಟ್ಟು ಬರಲಿಲ್ಲ, ಕೈಮುಗಿಯಬೇಕು ಅನ್ನಿಸಿತು. ನನ್ನ ಕಾಲಕ್ಕೆ ಇಷ್ಟು ನೇರವಾಗಿ ಹೇಳುವವರು ಸಿಗಲಿಲ್ಲ. ಪಿಯುಸಿ ಮುಗಿಸಿ ಹುಮ್ಮಸ್ಸಿನಲ್ಲಿ ಒಂದು ಕಾಲೇಜಿಗೆ ಸೇರಿದ್ದೆ. ಮಾಹಿತಿ ಪುಸ್ತಕದಲ್ಲಿ ಫಿಲಾಸಫಿ ಇತ್ತು, ವೇಳಾಪಟ್ಟಿಯಲ್ಲೂ ಇತ್ತು. ಆರು ವಾರ ಆ ಪಿರಿಯಡ್ಡಿನಲ್ಲಿ ಹುಣಸೆ ಮರದ ಕೆಳಗೆ ಕುಳಿತೆವು. ಏಳನೆಯ ವಾರ ಕರೆದು, "ಐದೇ ಮಂದಿ ಅದೀರಿ, ಸಮಾಜಶಾಸ್ತ್ರಕ್ಕ ಹೋಗ್ರಿ" ಅಂದರು. ಅಷ್ಟೊತ್ತಿಗೆ ಬೇರೆ ಕಾಲೇಜುಗಳ ಪ್ರವೇಶ ಮುಗಿದಿತ್ತು. ಒಂದು ವರ್ಷ ಮಣ್ಣುಪಾಲಾಯಿತು. ಮರುವರ್ಷ ಧಾರವಾಡಕ್ಕೆ ಬಂದು ಮೊದಲಿನಿಂದ ಶುರು ಮಾಡಿದೆ. ಈಗ ಗದಗ ಜಿಲ್ಲೆಯ ಒಂದು ಪಿಯು ಕಾಲೇಜಿನಲ್ಲಿ ತರ್ಕಶಾಸ್ತ್ರ ಕಲಿಸುತ್ತೇನೆ. ಪ್ರತಿ ವರ್ಷ ಇಬ್ಬರೋ ಮೂವರೋ ಬಂದು, "ಸರ, ಡಿಗ್ರಿಗೂ ಇದನ್ನ ಓದಬೇಕಂತ ಮಾಡೇನಿ, ಎಲ್ಲಿ ಹೋಗ್ಲಿ?" ಅಂತ ಕೇಳುತ್ತಾರೆ. ಅವರಿಗೆ ನಿಂತಲ್ಲೇ ಹೇಳುವುದನ್ನು ಇಲ್ಲಿ ಕುಳಿತು ಬರೆದಿದ್ದೇನೆ.

ಮೊದಲು: ನಿಮಗೆ ಬೇಕಾದ್ದು ಇದೇ ಹೌದೋ?

ನಮ್ಮ ಕಡೆ ಫಿಲಾಸಫಿ ಅಂದ ಕೂಡಲೇ ಮಠ, ಪ್ರವಚನ, ವೈರಾಗ್ಯ ನೆನಪಾಗುತ್ತವೆ. ಅದರಲ್ಲಿ ತಪ್ಪೇನಿಲ್ಲ. ಶಿಶುನಾಳದ ಶರೀಫರು, ಬಾಡದ ಕನಕದಾಸರು ಹುಟ್ಟಿದ ನೆಲ, ತತ್ವಪದ ಕೇಳುತ್ತ ಬೆಳೆದವರು ನಾವು. ಆದರೆ ಬಿ.ಎ. ಕ್ಲಾಸಿನಲ್ಲಿ ತತ್ವಪದ ಕೇಳಿ ತಲೆದೂಗುವ ಕೆಲಸ ಇಲ್ಲ. ಆ ಪದ ಏನು ಹೇಳುತ್ತದೆ, ಯಾಕೆ ಹಾಗೆ ಹೇಳುತ್ತದೆ, ಒಪ್ಪದವನು ಏನು ಅನ್ನಬಹುದು ಎಂದು ಬಿಡಿಸಿ ನೋಡುವ ಕೆಲಸ ಇದೆ. ತರ್ಕಶಾಸ್ತ್ರ, ನೀತಿಶಾಸ್ತ್ರ, ಚಾರ್ವಾಕ, ಬೌದ್ಧ, ಜೈನರಿಂದ ವೇದಾಂತದವರೆಗಿನ ಭಾರತೀಯ ದರ್ಶನಗಳು, ಆಚೆ ಕಡೆ ಪ್ಲೇಟೋ, ಡೆಕಾರ್ಟ್, ಹ್ಯೂಮ್, ಕ್ಯಾಂಟ್: ಎಲ್ಲಿ ಓದಿದರೂ ತಿರುಳು ಹೆಚ್ಚುಕಡಿಮೆ ಇಷ್ಟೇ.

ಮನಶ್ಶಾಂತಿ ಬೇಕಾಗಿ ಬಂದವರಿಗೆ ಮೊದಲ ಸೆಮಿಸ್ಟರಿನಲ್ಲೇ ಬೇಜಾರು ಬರುತ್ತದೆ. ಜಗಳಗಂಟರು ಚೆನ್ನಾಗಿ ಓದುತ್ತಾರೆ. ಇದು ತಮಾಷೆಗೆ ಹೇಳಿದ್ದಲ್ಲ. ಪಿಯುನಲ್ಲಿ ತರ್ಕಶಾಸ್ತ್ರ ತಗೊಂಡವರ ಹತ್ತಿರ ಆ ಪಠ್ಯಪುಸ್ತಕ ಇಸಿದುಕೊಂಡು ಎರಡು ಪಾಠ ಓದಿ ನೋಡಿ. ಓದುತ್ತ ಓದುತ್ತ "ಇದು ಹೆಂಗ ಸರಿ ಆಗ್ತೈತಿ?" ಅಂತ ಅಂಚಿನಲ್ಲಿ ಬರೆಯಬೇಕು ಅನ್ನಿಸಿದರೆ ಮುಂದಕ್ಕೆ ಹೋಗಿ.

ವಿಷಯಕ್ಕೆ ಜೀವ ಇದೆಯೋ ಇಲ್ಲವೋ

ಕಾಲೇಜಿನ ಹೆಸರು, ಕಟ್ಟಡ, ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ಕೊಟ್ಟ ಗ್ರೇಡು ಆಮೇಲೆ ನೋಡೋಣ. ಗ್ರೇಡು ಇಡೀ ಕಾಲೇಜಿಗೆ ಕೊಡುವಂಥದ್ದು, 'ಎ ಪ್ಲಸ್' ಪಡೆದ ಕಾಲೇಜಿನಲ್ಲೂ ಫಿಲಾಸಫಿ ವಿಭಾಗಕ್ಕೆ ಬೀಗ ಬಿದ್ದಿರಬಹುದು. ಈ ವಿಷಯಕ್ಕೆ ಸೇರುವವರು ಕಡಿಮೆ. ಕಡಿಮೆ ಆದಾಗ ಕಾಲೇಜು ಮೊದಲು ಹುದ್ದೆ ತುಂಬುವುದನ್ನು ಬಿಡುತ್ತದೆ, ಆಮೇಲೆ ಅತಿಥಿ ಉಪನ್ಯಾಸಕರ ಮೇಲೆ ನಡೆಸುತ್ತದೆ, ಕೊನೆಗೆ ಹೆಸರು ಮಾತ್ರ ಪಟ್ಟಿಯಲ್ಲಿ ಉಳಿಯುತ್ತದೆ. ನೀವು ಸೇರುವ ವರ್ಷ ಈ ಮೂರರಲ್ಲಿ ಯಾವ ಹಂತ ನಡೆದಿದೆ ಎಂದು ಮೊದಲು ಪತ್ತೆ ಮಾಡಬೇಕು.

ಕಚೇರಿಗೆ ಫೋನ್ ಮಾಡಿ "ಫಿಲಾಸಫಿ ಐತೇನ್ರಿ?" ಅಂತ ಕೇಳಬೇಡಿ. ಉತ್ತರ "ಹೌದ್ರಿ" ಅಂತಲೇ ಬರುತ್ತದೆ. ಹೀಗೆ ಕೇಳಿ: ಈ ವರ್ಷ ಕೊನೆಯ ಸೆಮಿಸ್ಟರಿನ ಪರೀಕ್ಷೆಗೆ ಫಿಲಾಸಫಿಯಲ್ಲಿ ಎಷ್ಟು ಮಂದಿ ಕುಳಿತರು? ಎರಡನೆಯ ವರ್ಷದಲ್ಲಿ ಈಗ ಎಷ್ಟು ಮಂದಿ ಇದ್ದಾರೆ? ಪಾಠ ಮಾಡುವವರು ಕಾಯಂ ಇದ್ದಾರೋ, ಅತಿಥಿಗಳೋ? ಕಾಯಂ ಇದ್ದರೆ ನಿವೃತ್ತಿಗೆ ಎಷ್ಟು ವರ್ಷ ಉಳಿದಿದೆ? ಕೊನೆಯ ಪ್ರಶ್ನೆ ಕೇಳಲು ಮುಜುಗರ ಆಗುತ್ತದೆ. ನಾನೇ ಕೇಳುವಾಗ ಗಂಟಲು ಸರಿಮಾಡಿಕೊಂಡಿದ್ದೇನೆ. ಆದರೂ ಕೇಳಬೇಕು. ಒಬ್ಬರೇ ಮೇಷ್ಟ್ರ ಮೇಲೆ ನಿಂತ ವಿಭಾಗದಲ್ಲಿ ಅವರು ನಿವೃತ್ತರಾದರೆ ಅಲ್ಲಿಗೆ ವಿಭಾಗವೂ ಮುಗಿದಂತೆ.

ಅತಿಥಿ ಉಪನ್ಯಾಸಕರು ಅಂದ ಮಾತ್ರಕ್ಕೆ ಕೈಬಿಡಬೇಡಿ. ನನಗೆ ಕ್ಯಾಂಟ್‌ನನ್ನು ಅರ್ಥ ಮಾಡಿಸಿದವರು ಅತಿಥಿ ಉಪನ್ಯಾಸಕರೇ, ತಿಂಗಳುಗಟ್ಟಲೆ ಸಂಬಳ ಬಾರದಿದ್ದರೂ ಒಂದು ಪಿರಿಯಡ್ಡು ತಪ್ಪಿಸಿದವರಲ್ಲ. ಸಮಸ್ಯೆ ಅವರದಲ್ಲ, ನೇಮಕದ್ದು. ಸೆಮಿಸ್ಟರು ಶುರುವಾಗಿ ವಾರಗಟ್ಟಲೆ ಕಳೆದ ಮೇಲೆ ಅವರನ್ನು ತೆಗೆದುಕೊಳ್ಳುವುದುಂಟು. "ಹೋದ ವರ್ಷ ಫಿಲಾಸಫಿಯ ಮೊದಲ ಪಾಠ ಯಾವ ತಾರೀಖಿಗೆ ಆಯಿತು?" ಎಂದು ಎರಡನೆಯ ವರ್ಷದ ಹುಡುಗರನ್ನೇ ಕೇಳಿ. ಅವರು ಮುಚ್ಚಿಡುವುದಿಲ್ಲ.

ಹುಡುಕುವಾಗ ಹೆಸರಿನ ಗೊಂದಲವೂ ಇದೆ. ಒಂದು ಕಡೆ ತತ್ವಶಾಸ್ತ್ರ ಅಂತಾರೆ, ಇನ್ನೊಂದು ಕಡೆ ತತ್ವಜ್ಞಾನ, ಮತ್ತೊಂದು ಕಡೆ ಫಿಲಾಸಫಿ. ಒಂದೇ ಹೆಸರು ಹಿಡಿದು ಹುಡುಕಿ "ಇಲ್ಲ" ಅಂತ ವಾಪಸ್ ಬಂದವರನ್ನು ನೋಡಿದ್ದೇನೆ.

ಜೋಡಿ ವಿಷಯಗಳ ಗಂಟು

ಇಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ, ಯಾಕೆಂದರೆ ಬಹಳ ಮಂದಿ ಎಡವುವುದು ಇಲ್ಲೇ. 2021ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯ ಜೊತೆ ಬಂದ ನಾಲ್ಕು ವರ್ಷದ ಪದವಿಯನ್ನು ರಾಜ್ಯ ಸರ್ಕಾರ 2024-25ರಿಂದ ಕೈಬಿಟ್ಟು ಮೂರು ವರ್ಷದ ಪದವಿಗೆ ಮರಳಿದೆ. ಈ ಪದವಿಯಲ್ಲಿ ಫಿಲಾಸಫಿ ಒಂದೇ ಬರುವುದಿಲ್ಲ, ಜೊತೆಗೆ ಇನ್ನೆರಡು ವಿಷಯ ಬರುತ್ತವೆ. ಅವು ಯಾವುವು ಎಂದು ತೀರ್ಮಾನಿಸುವವರು ನೀವಲ್ಲ, ಕಾಲೇಜು. ಪ್ರವೇಶದ ಅರ್ಜಿ ಹಾಕುವ ಯುಯುಸಿಎಂಎಸ್ ಜಾಲತಾಣದಲ್ಲಿ ಆಯಾ ಕಾಲೇಜು ಇಟ್ಟಿರುವ ಕಾಂಬಿನೇಷನ್ನುಗಳಷ್ಟೇ ಕಾಣುತ್ತವೆ.

ನನ್ನ ಮಾತು ಕೇಳುವುದಾದರೆ ಜೊತೆ ವಿಷಯ ಆರಿಸುವಾಗ ಪ್ರೀತಿ ಒಂದಕ್ಕೆ, ಹೊಟ್ಟೆಪಾಡು ಇನ್ನೊಂದಕ್ಕೆ ಇರಲಿ. ಸಂಸ್ಕೃತ ಇದ್ದರೆ ದರ್ಶನಗಳ ಮೂಲಕ್ಕೆ ಕೈ ಹಾಕಬಹುದು. ಐಚ್ಛಿಕ ಇಂಗ್ಲಿಷ್ ಇದ್ದರೆ ಪಾಶ್ಚಾತ್ಯರನ್ನು ಗೈಡಿನ ಹಂಗಿಲ್ಲದೆ ಓದಬಹುದು. ಮನಃಶಾಸ್ತ್ರ, ರಾಜ್ಯಶಾಸ್ತ್ರ ಎರಡೂ ಒಗ್ಗುತ್ತವೆ.

ಹೊಟ್ಟೆಪಾಡಿನ ಲೆಕ್ಕ ಹೀಗಿದೆ. ಫಿಲಾಸಫಿ ಎಂ.ಎ. ಮಾಡಿದವರಿಗೆ ನಮ್ಮ ರಾಜ್ಯದಲ್ಲಿ ಪಿಯು ತರ್ಕಶಾಸ್ತ್ರ ಉಪನ್ಯಾಸಕರಾಗುವ ದಾರಿ ಒಂದಿದೆ. ಆ ಹುದ್ದೆಗೆ ಎಂ.ಎ. ಜೊತೆಗೆ ಬಿ.ಇಡಿ ಕೇಳುತ್ತಾರೆ. ಬಿ.ಇಡಿಗೆ ಹೋದರೆ ಅಲ್ಲಿ ಶಾಲೆಯಲ್ಲಿ ಕಲಿಸುವ ವಿಷಯದ ಬೋಧನಾ ವಿಧಾನ ಓದಬೇಕು, ನಮ್ಮ ಹೈಸ್ಕೂಲಿನಲ್ಲಿ ಫಿಲಾಸಫಿ ಎಂಬ ವಿಷಯವೇ ಇಲ್ಲ. ಪದವಿಯಲ್ಲಿ ಇತಿಹಾಸವೋ, ಕನ್ನಡವೋ, ಇಂಗ್ಲಿಷೋ ಇಲ್ಲದವರು ಆಗ ಬಾಗಿಲಲ್ಲಿ ನಿಂತು ಒದ್ದಾಡುತ್ತಾರೆ. ಐದು ವರ್ಷದ ಮೇಲೆ ಬರುವ ಈ ಗಂಟು ಪ್ರವೇಶದ ದಿನ ಒಂದು ಟಿಕ್ ಗುರುತಿನಿಂದ ಬಿದ್ದಿರುತ್ತದೆ. ನನ್ನ ಸಹಪಾಠಿಯೊಬ್ಬ ಫಿಲಾಸಫಿಯಲ್ಲಿ ನನಗಿಂತ ಎಷ್ಟೋ ಮುಂದಿದ್ದವನು, ಇದೇ ಗಂಟಿಗೆ ಸಿಕ್ಕಿ ಈಗ ಬೇರೆ ಕೆಲಸದಲ್ಲಿದ್ದಾನೆ.

ಸರ್ಟಿಫಿಕೇಟು ಯಾರದ್ದು?

ಕರ್ನಾಟಕ ವಿಶ್ವವಿದ್ಯಾಲಯ ಅಂದರೆ ಬಹಳ ಕಾಲ ಧಾರವಾಡ, ಗದಗ, ಹಾವೇರಿ, ಉತ್ತರ ಕನ್ನಡ ಎಲ್ಲ ಸೇರಿದ ಒಂದೇ ಮನೆ. ಇತ್ತೀಚೆಗೆ ಹಾವೇರಿ ಜಿಲ್ಲೆಗೆ ಬೇರೆ ವಿಶ್ವವಿದ್ಯಾಲಯ ಆಯಿತು. 2025ರಲ್ಲಿ ರಾಜ್ಯದ ಹೊಸ ವಿಶ್ವವಿದ್ಯಾಲಯಗಳಲ್ಲಿ ಕೆಲವನ್ನು ಮುಚ್ಚುವ ಮಾತು ಎದ್ದಾಗ ಹಾವೇರಿಯ ಹೆಸರೂ ಅದರಲ್ಲಿತ್ತು. ಹಾಗಾಗಿ ಹಾವೇರಿ ಜಿಲ್ಲೆಯ ಕಾಲೇಜಿಗೆ ಸೇರುವವರು ಪ್ರವೇಶದ ದಿನವೇ ಕೇಳಬೇಕಾದದ್ದು: ನಮ್ಮ ಬ್ಯಾಚಿನ ಪರೀಕ್ಷೆ ನಡೆಸುವವರು ಯಾರು, ಪದವಿ ಪತ್ರ ಕೊಡುವವರು ಯಾರು, ಫಿಲಾಸಫಿಯ ಪಠ್ಯಕ್ರಮ ಯಾರದ್ದು? ಬಾಯಿಮಾತಿಗೆ ಬಿಡದೆ ಪಠ್ಯಕ್ರಮದ ಪ್ರತಿ ಇಸಿದುಕೊಳ್ಳಿ. ಪ್ರತಿ ಕೊಡಲು ಆಗದ ಕಡೆ ಪಾಠ ಹೇಗೆ ನಡೆಯುತ್ತದೆ ಎಂದು ನೀವೇ ಊಹಿಸಬಹುದು.

ಗದಗಿನಲ್ಲಿರುವ ಗ್ರಾಮೀಣಾಭಿವೃದ್ಧಿ ವಿಶ್ವವಿದ್ಯಾಲಯ, ಶಿಗ್ಗಾಂವಿ ಹತ್ತಿರ ಗೊಟಗೋಡಿಯ ಜಾನಪದ ವಿಶ್ವವಿದ್ಯಾಲಯ ಎರಡರ ಕೆಲಸವೂ ಬೇರೆ. ಹತ್ತಿರ ಇದೆ ಎಂದು ಅಲ್ಲಿಗೆ ಫಿಲಾಸಫಿ ಕೇಳಿಕೊಂಡು ಹೋಗುವ ತಂದೆತಾಯಿ ಇದ್ದಾರೆ, ಬಸ್ ಚಾರ್ಜು ಉಳಿಯಲಿ ಅಂತ ಹೇಳಿದೆ.

ಬುಧವಾರ ಹನ್ನೊಂದು ಗಂಟೆಗೆ ಹೋಗಿ

ಕಾಲೇಜು ನೋಡಲು ಎಲ್ಲರೂ ಪ್ರವೇಶದ ದಿನ ಹೋಗುತ್ತಾರೆ. ಅವತ್ತು ಪೆಂಡಾಲು, ಕುಡಿಯುವ ನೀರಿನ ಕ್ಯಾನು, ನಗುನಗುತ್ತ ಮಾತಾಡುವ ಪ್ರಾಂಶುಪಾಲರು ಎಲ್ಲ ಇರುತ್ತಾರೆ. ಮದುವೆ ಮನೆಗೆ ಹೋಗಿ ಸಂಸಾರ ಹೇಗಿದೆ ಎಂದು ತಿಳಿಯಲು ಬರುತ್ತದೆಯೇ? ನೀವು ಎರಡನೇ ಪಿಯುನಲ್ಲಿ ಇರುವಾಗಲೇ, ಡಿಸೆಂಬರೋ ಫೆಬ್ರುವರಿಯೋ ಒಂದು ರಜೆ ಹಾಕಿ, ಅವರ ಕ್ಲಾಸು ನಡೆಯುವ ದಿನ ಹೋಗಿ. ಬುಧವಾರ ಒಳ್ಳೆಯದು, ಸೋಮವಾರ ಊರಿಂದ ಬಾರದವರು, ಶನಿವಾರ ಊರಿಗೆ ಹೊರಟವರು ಇಬ್ಬರ ಕಾಟವೂ ಇರುವುದಿಲ್ಲ. "ಸರ, ಮುಂದಿನ ವರ್ಷ ಸೇರಬೇಕು ಅಂತಿದ್ದೇನೆ, ಒಂದು ಪಾಠ ಕೂತು ಕೇಳಲೇ?" ಎಂದು ಕೇಳಿ. ಬೇಡ ಅನ್ನುವ ಮೇಷ್ಟ್ರನ್ನು ನಾನು ಇನ್ನೂ ನೋಡಿಲ್ಲ. ಪಾಠ ಕೇಳಲು ತಾವಾಗಿ ಬಂದವರನ್ನು ಕಂಡು ಕಣ್ಣರಳಿಸಿದವರನ್ನು ನೋಡಿದ್ದೇನೆ.

ಅಕ್ಕನ ಮಗಳ ಜೊತೆ ಧಾರವಾಡದಲ್ಲಿ ಹೀಗೆ ಕುಳಿತ ಒಂದು ಪಾಠವನ್ನು ಹೇಳುತ್ತೇನೆ. ಹದಿನಾಲ್ಕು ಮಂದಿ ಇದ್ದರು. ಹಲಗೆಯ ಮೇಲೆ, ತರ್ಕಕ್ಕೆ ಹೆಸರಾದ ನ್ಯಾಯದರ್ಶನದ ಐದು ಮೆಟ್ಟಿಲು: ಪ್ರತಿಜ್ಞೆ, ಹೇತು, ಉದಾಹರಣೆ, ಉಪನಯ, ನಿಗಮನ. ಗುಡ್ಡದ ಮೇಲೆ ಬೆಂಕಿ ಇದೆ. ಯಾಕೆಂದರೆ ಹೊಗೆ ಇದೆ. ಎಲ್ಲಿ ಹೊಗೆಯೋ ಅಲ್ಲಿ ಬೆಂಕಿ, ಅಡುಗೆಮನೆಯಲ್ಲಿ ಇರುವ ಹಾಗೆ. ಈ ಗುಡ್ಡದಲ್ಲೂ ಅಂಥ ಹೊಗೆ ಇದೆ. ಆದ್ದರಿಂದ ಗುಡ್ಡದಲ್ಲಿ ಬೆಂಕಿ ಇದೆ. ಸಾವಿರಾರು ಸಲ ಬರೆದ ಉದಾಹರಣೆ, ಮೇಷ್ಟ್ರು ನೋಡದೆಯೇ ಬರೆದರು. ಹಿಂದಿನ ಬೆಂಚಿನಿಂದ ಮುಂಡರಗಿ ಕಡೆಯ ಹುಡುಗ ಎದ್ದ. "ಸರ, ನಮ್ಮ ಕಪ್ಪತಗುಡ್ಡದ ಮ್ಯಾಲೆ ಮುಂಜಾನೆ ಮಂಜು ಹೊಗಿ ಕಂಡಂಗ ಕಾಣ್ತೈತಿ. ಅಲ್ಲಿ ಬೆಂಕಿ ಎಲ್ಲಿಂದ ಬರ್ಬೇಕ್ರಿ?"

ಕ್ಲಾಸು ನಕ್ಕಿತು. ಮೇಷ್ಟ್ರು ನಗಲಿಲ್ಲ. ಸೀಮೆಸುಣ್ಣ ಕೆಳಗಿಟ್ಟು, "ಕುಂದ್ರಬ್ಯಾಡ, ನಿಂತಿರು" ಅಂದರು. "ನೀ ಕಂಡದ್ದು ಹೊಗಿನೋ ಮಂಜೋ ಅಂತ ನಿನಗ ಖಾತ್ರಿ ಇಲ್ಲ. ಅಂದ್ರ ಐದ್ರಾಗ ಯಾವ ಮೆಟ್ಟಿಲು ಮುರೀತು?" ಹುಡುಗ ಹಲಗೆ ನೋಡಿದ. ಎರಡನೆಯದು ಅಂದ. "ಹೇತು. ಹಳಬರು ಇದಕ್ಕ ಅಸಿದ್ಧ ಅಂತ ಹೆಸರಿಟ್ಟಾರ. ಈಗ ಉಲ್ಟಾ ಹೇಳು. ಬೆಂಕಿ ಇದ್ದಲ್ಲೆಲ್ಲ ಹೊಗಿ ಇರ್ತೈತೇನು?" ಮುಂದಿನ ಸಾಲಿನ ಹುಡುಗಿಯೊಬ್ಬಳು, ಅವಳ ಮನೆಯಲ್ಲಿ ಕಮ್ಮಾರಿಕೆ ಇರಬೇಕು, "ಕಾಸಿದ ಕಬ್ಬಿಣಕ್ಕ ಹೊಗಿ ಇರೂದಿಲ್ರಿ" ಅಂದಳು. ಕಾದ ಕಬ್ಬಿಣದ ಗುಂಡು ಎಂಬುದು ನ್ಯಾಯಶಾಸ್ತ್ರದವರೇ ಕೊಡುವ ಉದಾಹರಣೆ, ಅವಳು ಅದನ್ನು ಓದಿರಲಿಲ್ಲ. ಗಂಟೆ ಬಾರಿಸಿತು, ಯಾರೂ ಏಳಲಿಲ್ಲ. ಹೊರಗೆ ಬಂದು ಅಕ್ಕನ ಮಗಳು ಬೇರೆ ಕಾಲೇಜು ನೋಡುವುದು ಬೇಡ ಅಂದಳು. ನಾನು ಬಿಡಲಿಲ್ಲ, ಇನ್ನೊಂದು ನೋಡಿದೆವು. ಅಲ್ಲಿ ಮೇಷ್ಟ್ರು ನೋಟ್ಸು ಓದಿದರು, ಮಕ್ಕಳು ಬರೆದುಕೊಂಡರು. ಅದೇ ಹೊಗೆ, ಅದೇ ಗುಡ್ಡ. ಪೂರ್ಣವಿರಾಮವನ್ನೂ ಓದಿ ಹೇಳಿದರು.

ಪಾಠ ಕೇಳುವಾಗ ಒಂದನ್ನೇ ಗಮನಿಸಿ: ಮಕ್ಕಳಿಂದ ಪ್ರಶ್ನೆ ಬಂತೇ, ಬಂದರೆ ಅದಕ್ಕೆ ಏನಾಯಿತು. ಮಿಕ್ಕದ್ದನ್ನೆಲ್ಲ ಪುಸ್ತಕದಿಂದ ಕಲಿಯಬಹುದು.

ಆಮೇಲೆ ಲೈಬ್ರರಿಗೆ ಹೋಗಿ. ಎಷ್ಟು ಸಾವಿರ ಪುಸ್ತಕ ಇವೆ ಎಂಬ ಬೋರ್ಡು ಓದಿ ಮೋಸ ಹೋಗಬೇಡಿ. ಫಿಲಾಸಫಿಯ ಕಪಾಟಿನಿಂದ ಐದು ಪುಸ್ತಕ ತೆಗೆಯಿರಿ. ಹಿಂದಿನ ರಟ್ಟಿಗೆ ಅಂಟಿಸಿದ ಚೀಟಿಯಲ್ಲಿ ವಾಪಸ್ ಕೊಡುವ ತಾರೀಖಿನ ಸೀಲು ಇರುತ್ತದೆ. ಕೊನೆಯ ಸೀಲು ಹದಿನೈದು ವರ್ಷ ಹಳೆಯದಾದರೆ ಅದು ಗೋದಾಮು. ಒಂದು ಕಡೆ ನಾನು ತೆಗೆದ ಪುಸ್ತಕದ ಹಾಳೆಗಳನ್ನು ಇನ್ನೂ ಕತ್ತರಿಸಿರಲೇ ಇಲ್ಲ, ಅಚ್ಚಾದಾಗ ಹೇಗಿತ್ತೋ ಹಾಗೇ ಅಂಟಿಕೊಂಡಿದ್ದವು. ಕಂಪ್ಯೂಟರಿನಲ್ಲೇ ಲೆಕ್ಕ ಇಡುವ ಲೈಬ್ರರಿಯಾದರೆ ಪುಸ್ತಕದ ಅಂಚು ನೋಡಿ. ಪೆನ್ಸಿಲ್ ಗೆರೆ, ಮಡಿಚಿದ ಮೂಲೆ, ಯಾರೋ ಬರೆದ "ತಪ್ಪು" ಎಂಬ ಮಾತು, ಇವೆಲ್ಲ ಶುಭಶಕುನ. ಗ್ರಂಥಪಾಲಕರು ಇದನ್ನು ಒಪ್ಪುವುದಿಲ್ಲ.

ಕನ್ನಡದಲ್ಲೋ ಇಂಗ್ಲಿಷಿನಲ್ಲೋ

ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯಬಹುದು, ನಮ್ಮ ಭಾಗದ ಬಿ.ಎ. ಮಕ್ಕಳಲ್ಲಿ ಬಹುತೇಕರು ಬರೆಯುವುದೂ ಹಾಗೆಯೇ. ಆದರೆ ಕನ್ನಡ ಗೊತ್ತಿದ್ದವರಿಗೆ ಈ ವಿಷಯದಲ್ಲಿ ಒಂದು ಲಾಭ, ಒಂದು ಬಲೆ ಎರಡೂ ಇವೆ. ದಿನಾ ಆಡುವ ಮಾತುಗಳೇ ಇಲ್ಲಿ ಪಾರಿಭಾಷಿಕ ಪದಗಳು. "ನನಗ ಅನುಮಾನ ಐತಿ" ಅಂದರೆ ಮನೆಯಲ್ಲಿ ಸಂಶಯ. ತರ್ಕದಲ್ಲಿ ಅನುಮಾನ ಅಂದರೆ ಸಂಶಯ ಕಳೆಯುವ ಜ್ಞಾನ, ಹೊಗೆ ಕಂಡು ಬೆಂಕಿಯನ್ನು ತಿಳಿಯುವುದು. ಶಬ್ದ ಅಂದರೆ ಸದ್ದಲ್ಲ, ನಂಬಬಹುದಾದವರ ಮಾತಿನಿಂದ ಬರುವ ಅರಿವು. ತರ್ಕ ಮಾಡಬೇಡ ಅಂತ ಅಜ್ಜಿ ಬೈಯುವ ತರ್ಕವೂ ಇದಲ್ಲ. ಪಿಯು ಮಕ್ಕಳ ಉತ್ತರಪತ್ರಿಕೆಯಲ್ಲಿ "ಅನುಮಾನ ಎಂದರೆ ಡೌಟು" ಎಂದು ಬರೆದದ್ದನ್ನು ಎಷ್ಟು ಸಲ ಕೆಂಪು ಮಾಡಿದ್ದೇನೋ.

ಕಾಲೇಜು ಆರಿಸುವಾಗ ಕೇಳಬೇಕಾದದ್ದು ಮಾಧ್ಯಮ ಯಾವುದು ಎಂದಲ್ಲ, ಪಾಶ್ಚಾತ್ಯ ತತ್ವಶಾಸ್ತ್ರವನ್ನು ಯಾವ ಪುಸ್ತಕದಿಂದ ಕಲಿಸುತ್ತೀರಿ ಎಂದು. ಗೈಡಿನ ಹೆಸರು ಮಾತ್ರ ಬಂದರೆ ಎಚ್ಚರ. ಮೂಲದ ಹತ್ತು ಪುಟವನ್ನಾದರೂ ಇಂಗ್ಲಿಷಿನಲ್ಲಿ ಓದಿಸಿ, ಅದನ್ನು ಕನ್ನಡದಲ್ಲಿ ಜಗ್ಗಾಡಿ ಅರ್ಥ ಮಾಡಿಸುವ ಕ್ಲಾಸು ಸಿಕ್ಕರೆ ನಿಮ್ಮ ಪುಣ್ಯ. ಇಂದಿರಾ ಗಾಂಧಿ ಮುಕ್ತ ವಿಶ್ವವಿದ್ಯಾಲಯದ ಪಠ್ಯಗಳು ಇಜ್ಞಾನಕೋಶ ಎಂಬ ತಾಣದಲ್ಲಿ ಪುಕ್ಕಟೆ ಸಿಗುತ್ತವೆ. ಸರಳ ಇಂಗ್ಲಿಷು, ಈಗಿನಿಂದಲೇ ದಿನಕ್ಕೆ ಎರಡು ಪುಟ ಓದಿ.

ಧಾರವಾಡ ಯಾಕೆ

ಗದಗ, ಹಾವೇರಿಯವರು ನನ್ನ ಮೇಲೆ ಸಿಟ್ಟಾಗಬಾರದು, ನಾನೂ ಗದಗಿನ ಅನ್ನ ತಿನ್ನುವವನೇ. ಆದರೂ ಈ ಒಂದು ವಿಷಯಕ್ಕೆ ವಿಚಾರಣೆಯನ್ನು ಧಾರವಾಡದಿಂದಲೇ ಶುರು ಮಾಡಿ ಅನ್ನುತ್ತೇನೆ. 1917ರಲ್ಲಿ ಶುರುವಾದ ಕರ್ನಾಟಕ ಕಾಲೇಜಿನ ಕಲಾ ವಿಭಾಗ ಅಲ್ಲಿದೆ, ಈಗ ಅದು ಕರ್ನಾಟಕ ಕಲಾ ಮಹಾವಿದ್ಯಾಲಯ, ವಿಶ್ವವಿದ್ಯಾಲಯದ್ದೇ ಕಾಲೇಜು. ಪಾವಟೆನಗರದ ಗುಡ್ಡದ ಮೇಲೆ ವಿಶ್ವವಿದ್ಯಾಲಯದ ತತ್ವಶಾಸ್ತ್ರ ವಿಭಾಗ ಇದೆ. ಬಿ.ಎ. ಮಕ್ಕಳಿಗೂ ಎಂ.ಎ. ಮಕ್ಕಳಿಗೂ ಚಹಾದಂಗಡಿ ಒಂದೇ ಆದರೆ ಸಿಲೆಬಸ್ಸಿನಲ್ಲಿ ಇಲ್ಲದ್ದು ಬಹಳ ಕಿವಿಗೆ ಬೀಳುತ್ತದೆ.

ಆ ವಿಭಾಗದಲ್ಲಿ ಒಂದು ಕಾಲಕ್ಕೆ ಕೆ. ಜೆ. ಶಾ ಎಂಬ ಪ್ರಾಧ್ಯಾಪಕರಿದ್ದರು. 1946-47ರಲ್ಲಿ ಕೇಂಬ್ರಿಡ್ಜಿನಲ್ಲಿ ವಿಟ್‌ಗೆನ್‌ಸ್ಟೈನ್ ಪಾಠ ಮಾಡುವಾಗ ಎದುರಿಗೆ ಕುಳಿತು ಬರೆದುಕೊಂಡವರು. ಅವರೂ ಇನ್ನಿಬ್ಬರು ವಿದ್ಯಾರ್ಥಿಗಳೂ ಬರೆದುಕೊಂಡ ಆ ಟಿಪ್ಪಣಿಗಳು 1988ರಲ್ಲಿ ಪುಸ್ತಕವಾಗಿ ಬಂದವು, ಜಗತ್ತಿನಲ್ಲಿ ವಿಟ್‌ಗೆನ್‌ಸ್ಟೈನ್ ಓದುವವರು ಇವತ್ತಿಗೂ ಅವನ್ನು ತೆರೆಯುತ್ತಾರೆ. ಇಪ್ಪತ್ತನೆಯ ಶತಮಾನದ ಅಷ್ಟು ದೊಡ್ಡ ತತ್ವಜ್ಞಾನಿಯ ಕ್ಲಾಸಿನಿಂದ ಎದ್ದು ಬಂದವರು ನಮ್ಮ ಮಳೆ-ಪೇಡೆಯ ಊರಲ್ಲಿ ಪಾಠ ಮಾಡಿದರು ಎಂದು ನೆನೆದರೆ ನನಗೆ ಈಗಲೂ ರೋಮಾಂಚನ ಆಗುತ್ತದೆ. ಆದರೆ ತಾತನ ಹೆಸರಲ್ಲಿ ಮೊಮ್ಮಗನಿಗೆ ಹೆಣ್ಣು ಕೊಡಬಾರದು. ಬುಧವಾರದ ಪಾಠ ಕೇಳುವುದನ್ನು ಧಾರವಾಡದಲ್ಲೂ ತಪ್ಪಿಸಬೇಡಿ.

ಕ್ಲಾಸಿನ ಹೊರಗಿನ ಧಾರವಾಡವೂ ಲೆಕ್ಕಕ್ಕೆ ಬರುತ್ತದೆ. 1890ರಲ್ಲಿ ಹುಟ್ಟಿದ ಕರ್ನಾಟಕ ವಿದ್ಯಾವರ್ಧಕ ಸಂಘದಲ್ಲಿ ಸಂಜೆಗೆ ಏನಾದರೊಂದು ಉಪನ್ಯಾಸ ಇದ್ದೇ ಇರುತ್ತದೆ. ಎಪ್ಪತ್ತು ದಾಟಿದವರು ಎದ್ದು ನಿಂತು ಭಾಷಣಕಾರರನ್ನು ತಡೆದು ಪ್ರಶ್ನೆ ಕೇಳುವುದನ್ನು ನಾನು ಮೊದಲು ನೋಡಿದ್ದು ಅಲ್ಲಿಯೇ.

ಹುಬ್ಬಳ್ಳಿಯವರಿಗೆ ಇದು ದೂರವೇ ಅಲ್ಲ, ಇಪ್ಪತ್ತು ಕಿಲೋಮೀಟರು, ಚಿಗರಿ ಬಸ್ಸು ಹತ್ತಿದರೆ ಆಯಿತು.

ದೂರ, ದುಡ್ಡು, ಕೋಣೆ

ಗದಗಿನಿಂದ ದಿನಾ ಓಡಾಡುತ್ತೇನೆ ಅನ್ನುವವರು ಲೆಕ್ಕ ಹಾಕಿ. ಹುಬ್ಬಳ್ಳಿಗೇ 60 ಕಿಲೋಮೀಟರು, ಅಲ್ಲಿಂದ ಮುಂದೆ ಧಾರವಾಡ. ಹೋಗಿಬರಲು ದಿನಕ್ಕೆ ನಾಲ್ಕು ತಾಸು ಹಿಡಿದರೂ ಸೆಮಿಸ್ಟರಿನ 90 ದಿನಕ್ಕೆ 360 ತಾಸು. ಬಸ್ಸಿನಲ್ಲಿ ಓದುತ್ತೇನೆ ಅಂತ ಎಲ್ಲರೂ ಹೇಳುತ್ತಾರೆ. ಅಣ್ಣಿಗೇರಿ ಬರುವಷ್ಟರಲ್ಲಿ ನಿದ್ದೆ ಬಂದಿರುತ್ತದೆ. ಹಾವೇರಿಯಿಂದ ದಿನಾ ಓಡಾಡುವುದು ಬೇಡವೇ ಬೇಡ.

2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಸಾಮಾನ್ಯ ಸಾರಿಗೆ ಬಸ್ಸು ಉಚಿತ. ಎಸಿ ಬಸ್ಸಿಗೆ ಇದು ಬರುವುದಿಲ್ಲ. ಹುಡುಗರು ಸೇವಾ ಸಿಂಧುವಿನಲ್ಲಿ ಪಾಸಿಗೆ ಅರ್ಜಿ ಹಾಕಬೇಕು, ದೂರದ ಮಿತಿಯನ್ನು ಡಿಪೋದಲ್ಲಿ ಮೊದಲೇ ಕೇಳಿಕೊಳ್ಳಿ. ಉಳಿಯಲು ಹಿಂದುಳಿದ ವರ್ಗಗಳ, ಸಮಾಜ ಕಲ್ಯಾಣ ಇಲಾಖೆಯ ಹಾಸ್ಟೆಲುಗಳಿವೆ, ಸೀಟು ಸಿಗದವರಿಗೆ ಊಟ-ವಸತಿಗೆ ಸರ್ಕಾರ ದುಡ್ಡು ಕೊಡುವ ವಿದ್ಯಾಸಿರಿ ಇದೆ, ವಿದ್ಯಾರ್ಥಿವೇತನಕ್ಕೆ ಎಸ್‌ಎಸ್‌ಪಿ ತಾಣ ಇದೆ. ಧಾರವಾಡದ ಮುರುಘಾಮಠದಲ್ಲಿ ಉಂಡು ಓದಿದವರ ತಲೆಮಾರುಗಳೇ ಇವೆ. ಜಾತಿ-ಆದಾಯ ಪತ್ರ ಪಿಯು ಪರೀಕ್ಷೆ ಮುಗಿದ ವಾರವೇ ಮಾಡಿಸಿ, ಆಧಾರ್ ಜೋಡಣೆಯಾದ ಬ್ಯಾಂಕ್ ಖಾತೆ ನಿಮ್ಮದೇ ಹೆಸರಲ್ಲಿ ಇರಲಿ. ದುಡ್ಡು ಅಜ್ಜಿಯ ಖಾತೆಗೆ ಹೋಗುವುದಿಲ್ಲ.

ಮನೆಯವರಿಗೆ ಏನು ಹೇಳುವುದು

"ಅದನ್ನ ಓದಿ ಏನ್ ಮಾಡ್ತಿ?" ಈ ಪ್ರಶ್ನೆಗೆ ಸಿಟ್ಟು ಮಾಡಿಕೊಳ್ಳದೆ ಉತ್ತರ ಇಟ್ಟುಕೊಂಡಿರಿ. ಉಪನ್ಯಾಸಕ ಹುದ್ದೆಯ ದಾರಿ ಮೇಲೆ ಹೇಳಿದೆ. ಕಾಲೇಜಿನಲ್ಲಿ ಕಲಿಸಲು ಎಂ.ಎ. ಆದ ಮೇಲೆ ಎನ್‌ಇಟಿ ಎಂಬ ರಾಷ್ಟ್ರೀಯ ಅರ್ಹತಾ ಪರೀಕ್ಷೆ ಬರೆಯಬಹುದು. ಪದವಿ ಮುಗಿಸಿ ಮೂರು ವರ್ಷದ ಎಲ್‌ಎಲ್‌ಬಿಗೆ ಹೋಗಬಹುದು, ರಾಜ್ಯ ಕಾನೂನು ವಿಶ್ವವಿದ್ಯಾಲಯ ಹುಬ್ಬಳ್ಳಿಯ ನವನಗರದಲ್ಲೇ ಇದೆ, ತರ್ಕ ಓದಿದವರಿಗೆ ಅಲ್ಲಿನ ವಾದ ಹೊಸದಲ್ಲ. ಯುಪಿಎಸ್‌ಸಿಯ ಮುಖ್ಯ ಪರೀಕ್ಷೆಯಲ್ಲಿ ಫಿಲಾಸಫಿ ಐಚ್ಛಿಕ ವಿಷಯ, 500 ಅಂಕ. 2013ರಿಂದ ನೀತಿಶಾಸ್ತ್ರದ 250 ಅಂಕದ ಪತ್ರಿಕೆ ಎಲ್ಲರಿಗೂ ಕಡ್ಡಾಯ. ಇದನ್ನು ಹೇಳಿದರೆ ಅಪ್ಪಂದಿರು ಸ್ವಲ್ಪ ಮೆತ್ತಗಾಗುತ್ತಾರೆ. ಆದರೆ ಅದೊಂದನ್ನೇ ಹೇಳಿ ಒಪ್ಪಿಸಬೇಡಿ, ಮೂರು ವರ್ಷ ಆದ ಮೇಲೆ ಅದನ್ನೇ ಹಿಡಿದು ಕೇಳುತ್ತಾರೆ.

ನಿಮ್ಮ ಊರಲ್ಲಿ ಎಲ್ಲೂ ಇಲ್ಲದಿದ್ದರೆ

ಮನೆ ಬಿಟ್ಟು ಹೋಗಲು ಆಗದವರು ಇರುತ್ತಾರೆ, ಅದರಲ್ಲೂ ಹೆಣ್ಣುಮಕ್ಕಳು. ಹಿರೇಕೆರೂರಲ್ಲೋ ರೋಣದಲ್ಲೋ ಫಿಲಾಸಫಿ ಸಿಗದಿದ್ದರೆ ಅಲ್ಲಿ ಚೆನ್ನಾಗಿ ಪಾಠ ನಡೆಯುವ ಇತಿಹಾಸವನ್ನೋ ರಾಜ್ಯಶಾಸ್ತ್ರವನ್ನೋ ಓದಿ. ಸತ್ತ ಫಿಲಾಸಫಿ ವಿಭಾಗಕ್ಕಿಂತ ಜೀವಂತ ಇತಿಹಾಸ ವಿಭಾಗ ಮೇಲು. ಇಂದಿರಾ ಗಾಂಧಿ ಮುಕ್ತ ವಿಶ್ವವಿದ್ಯಾಲಯದ ಫಿಲಾಸಫಿ ಎಂ.ಎ.ಗೆ ಯಾವ ಪದವಿ ಆದವರೂ ಸೇರಬಹುದು. 2022ರಿಂದ ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ), ಒಂದು ಪದವಿಯನ್ನು ಕಾಲೇಜಿನಲ್ಲಿ ಕುಳಿತು, ಇನ್ನೊಂದನ್ನು ದೂರಶಿಕ್ಷಣದಲ್ಲಿ ಒಟ್ಟಿಗೆ ಓದಲು ಬಿಟ್ಟಿದೆ. ಆದರೆ ಎರಡು ಪರೀಕ್ಷೆ ಒಂದೇ ದಿನ ಬಿದ್ದರೆ ಯಾರೂ ಮುಂದೂಡುವುದಿಲ್ಲ, ಹದಿನೆಂಟು ವರ್ಷದವರಿಗೆ ನಾನು ಇದನ್ನು ಅಷ್ಟಾಗಿ ಹೇಳುವುದಿಲ್ಲ.

ಸೇರಿದ ಮೇಲಿನ ಮೊದಲ ತಿಂಗಳು

ಎಲ್ಲ ನೋಡಿ ಸೇರಿದರೂ ಹುಣಸೆ ಮರದ ಕೆಳಗೆ ಕೂರುವ ಪಾಳಿ ಬರಬಹುದು. ಪ್ರವೇಶದ ರಸೀದಿ, ಕಾಂಬಿನೇಷನ್ ನಮೂದಾದ ಅರ್ಜಿಯ ಪ್ರತಿ ತೆಗೆದಿಡಿ. ವಿಷಯ ಬದಲಿಸಲು ಕೊನೆಯ ದಿನ ಯಾವುದು, ಬೇರೆ ಕಾಲೇಜುಗಳ ಪ್ರವೇಶ ಎಂದು ಮುಗಿಯುತ್ತದೆ, ಈ ಎರಡು ತಾರೀಖನ್ನು ಗೋಡೆಗೆ ಬರೆದುಕೊಳ್ಳಿ. ಎರಡು ವಾರ ಆದರೂ ಪಾಠ ಶುರುವಾಗದಿದ್ದರೆ ಪ್ರಾಂಶುಪಾಲರನ್ನು ಕಂಡು ಬಾಯಲ್ಲಿ ಕೇಳಿ. ಮೂರನೆಯ ವಾರ ಲಿಖಿತ ಅರ್ಜಿ ಕೊಡಿ, ನಿಮ್ಮ ಕ್ಲಾಸಿನವರೆಲ್ಲರ ಸಹಿ ಇರಲಿ, ಮೂವರೇ ಇದ್ದರೆ ಮೂವರದ್ದೇ ಇರಲಿ. ನಾವು ಐದು ಮಂದಿ ಆರು ವಾರ ಬರೀ ಬಾಯಲ್ಲಿ ಕೇಳಿದೆವು, ಕೊನೆಗೆ ಫೀಸು ವಾಪಸ್ ಕೇಳಲು ಹೋದಾಗ ನೀವು ಕೇಳಿದ್ದಕ್ಕೆ ದಾಖಲೆ ಎಲ್ಲಿ ಅಂದರು. ಅರ್ಜಿಯ ಎರಡು ಪ್ರತಿ ಒಯ್ಯಿರಿ. ಒಂದನ್ನು ಕೊಟ್ಟು, ಇನ್ನೊಂದರ ಮೇಲೆ ಆವಕದ ಸೀಲು, ತಾರೀಖು ಹಾಕಿಸಿಕೊಂಡು ಬನ್ನಿ. ಸೀಲು ಹಾಕುವವರು ಊಟಕ್ಕೆ ಹೋಗ್ಯಾರ, ನಾಳೆ ಬರ್ರಿ ಅಂದರೆ, ಅಲ್ಲೇ ಬೆಂಚಿನ ಮೇಲೆ ಕುಳಿತುಕೊಳ್ಳಿ.